ಅಟ್ಟದ ಪೀಪಾಯಿಯೂ ಅಂಗಡಿಯ ಸೀಸೆಯೂ

ಬಾಲ್ಸಾಮಿಕ್ ವಿನೆಗರ್: ಕಡಿಮೆ ಹಣದಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ಕ್ರಿ.ಶ. 1046ರಲ್ಲಿ ಜರ್ಮನಿಯ ದೊರೆ ಮೂರನೆಯ ಹೆನ್ರಿ ಚಕ್ರವರ್ತಿ ಪಟ್ಟ ಕಟ್ಟಿಸಿಕೊಳ್ಳಲು ರೋಮ್‌ಗೆ ಹೊರಟಿದ್ದ. ದಾರಿಯಲ್ಲಿ ಉತ್ತರ ಇಟಲಿಯ ಪಿಯಾಚೆಂಜಾ ಪಟ್ಟಣದಲ್ಲಿ ತಂಗಿದ್ದಾಗ ಕಾನೊಸ್ಸಾ ಕೋಟೆಯ ಒಡೆಯ ಬೊನಿಫಾಚೊಗೆ ಒಂದು ಕೋರಿಕೆ ಕಳುಹಿಸಿದ. ಆ ಕೋಟೆಯಲ್ಲಿ ತಯಾರಾಗುವ ವಿನೆಗರಿನ ಹೆಸರು ಅವನ ಕಿವಿಗೆ ಬಿದ್ದಿತ್ತು, ಅದು ಬೇಕೆಂದ. ಬೊನಿಫಾಚೊ ಅದನ್ನು ಬೆಳ್ಳಿಯ ಪೀಪಾಯಿಯಲ್ಲಿ ತುಂಬಿಸಿ ಕೊಟ್ಟ. ಬೊನಿಫಾಚೊನ ಮಗಳು ಮಟಿಲ್ಡಾಳ ಚರಿತ್ರೆಯನ್ನು ಪದ್ಯದಲ್ಲಿ ಬರೆದ ಡೊನಿಜೊನೆ ಎಂಬ ಸನ್ಯಾಸಿ ಈ ಸಂಗತಿಯನ್ನು ದಾಖಲಿಸಿದ್ದಾನೆ.

ಆ ಬೆಳ್ಳಿ ಪೀಪಾಯಿಯಲ್ಲಿದ್ದುದು ಇಂದಿನ ಬಾಲ್ಸಾಮಿಕ್ ವಿನೆಗರೇ ಹೌದೆಂದು ಖಚಿತವಾಗಿ ಹೇಳಲಾಗದು. ಡೊನಿಜೊನೆ ಆ ಪದವನ್ನು ಬಳಸಿಲ್ಲ. ಆದರೂ ದೊರೆಗಳು ಉಡುಗೊರೆಯಾಗಿ ಕೊಡುತ್ತಿದ್ದ ವಸ್ತುವೊಂದರ ಹೆಸರು ಇಂದು ಬೆಂಗಳೂರು, ಮಂಗಳೂರುಗಳ ದೊಡ್ಡ ಅಂಗಡಿಗಳ ಕಪಾಟಿನಲ್ಲೂ ಕಾಣಸಿಗುತ್ತದೆ. ಹೋಟೆಲಿನ ಸಲಾಡ್‌ನಲ್ಲಿ ಅದರ ರುಚಿ ಕಂಡವರು, ದೂರದರ್ಶನದ ಅಡುಗೆ ಕಾರ್ಯಕ್ರಮಗಳಲ್ಲಿ ನೋಡಿದವರು, ಹೊರದೇಶದಲ್ಲಿರುವ ಮಕ್ಕಳ ಮನೆಯಲ್ಲಿ ಉಂಡು ಬಂದವರು ಒಂದು ಸೀಸೆ ಕೊಳ್ಳೋಣವೆಂದು ಅಂಗಡಿಗೆ ಹೋದರೆ ಅಲ್ಲಿ ಗೊಂದಲ ಕಾದಿರುತ್ತದೆ. ಯುರೋಪಿನ ಅಂಗಡಿಗಳಲ್ಲಿ ಅರ್ಧ ಲೀಟರಿಗೆ ಮೂರು ಯೂರೊ ಬೆಲೆಯ ಸೀಸೆಯ ಮೇಲೂ ಅದೇ ಪದ, 100 ಮಿಲಿಲೀಟರಿಗೆ ನೂರು ಯೂರೊ ಬೆಲೆಯ ಸೀಸೆಯ ಮೇಲೂ ಅದೇ ಪದ. ಎರಡೂ ಕಪ್ಪು, ಎರಡೂ ಹುಳಿ-ಸಿಹಿ. ಹಾಗಾದರೆ ಈ ಅಜಗಜಾಂತರಕ್ಕೆ ಕಾರಣವೇನು? ಸಾಮಾನ್ಯ ಸಂಪಾದನೆಯವರು ಕೊಳ್ಳಬೇಕಾದದ್ದು ಯಾವುದನ್ನು?

ಉತ್ತರಕ್ಕೆ ಮೊದಲು ಈ ವಸ್ತು ಹುಟ್ಟುವ ಊರಿಗೆ, ಅಲ್ಲಿನ ಮನೆಗಳ ಅಟ್ಟಕ್ಕೆ ಹೋಗಬೇಕು.

ಕುದಿಸಿ ಇಳಿಸಿದ ರಸ

ಇಟಲಿಯ ಎಮಿಲಿಯಾ ರೊಮಾನ್ಯಾ ಪ್ರಾಂತದಲ್ಲಿ ಮೊದೆನಾ ಮತ್ತು ರೆಜ್ಜೊ ಎಮಿಲಿಯಾ ಎಂಬ ಎರಡು ಅಕ್ಕಪಕ್ಕದ ಜಿಲ್ಲೆಗಳಿವೆ. ಪಾರ್ಮೆಸಾನ್ ಚೀಸ್ ಮತ್ತು ಫೆರಾರಿ ಕಾರುಗಳ ಸೀಮೆಯೂ ಇದೇ. ಸಾಂಪ್ರದಾಯಿಕ ಬಾಲ್ಸಾಮಿಕ್ ತಯಾರಾಗುವುದು ಈ ಎರಡು ಜಿಲ್ಲೆಗಳಲ್ಲಿ ಮಾತ್ರ.

ಸಾಮಾನ್ಯ ವಿನೆಗರ್ ಎಂದರೆ ಹುಳಿ ಹಿಡಿದ ವೈನ್. ದ್ರಾಕ್ಷಿರಸ ಹುದುಗಿ ಮದ್ಯವಾಗುತ್ತದೆ. ಆ ಮದ್ಯಕ್ಕೆ ಒಂದು ಜಾತಿಯ ಬ್ಯಾಕ್ಟೀರಿಯಾ ತಗುಲಿ, ಗಾಳಿಯ ನೆರವಿನಿಂದ ಅದು ಅಸಿಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಸಾಂಪ್ರದಾಯಿಕ ಬಾಲ್ಸಾಮಿಕ್‌ನ ದಾರಿ ಬೇರೆ. ತ್ರೆಬ್ಬಿಯಾನೊ, ಲ್ಯಾಂಬ್ರುಸ್ಕೊ ಮೊದಲಾದ ತಳಿಗಳ ದ್ರಾಕ್ಷಿಯನ್ನು ಹಿಂಡಿ, ಆ ಹಸಿ ರಸವನ್ನು ಹುದುಗಲು ಬಿಡದೆ ತೆರೆದ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ನೀರು ಆವಿಯಾಗಿ ರಸ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಆಲೆಮನೆಯ ಕೊಪ್ಪರಿಗೆಯನ್ನು ಕಂಡವರಿಗೆ ಈ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಹೀಗೆ ಕಾಯಿಸಿ ಇಳಿಸಿದ ರಸವೊಂದೇ ಇದರ ಮೂಲದ್ರವ್ಯ. ಸಕ್ಕರೆಯನ್ನಾಗಲಿ ಬಣ್ಣವನ್ನಾಗಲಿ ಮಸಾಲೆಯನ್ನಾಗಲಿ ಇದಕ್ಕೆ ಸೇರಿಸುವುದಿಲ್ಲ.

ಕೊಡಗಿನ ಕಾಚಂಪುಳಿಯನ್ನು ಬಲ್ಲವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಹಣ್ಣಿನ ರಸವನ್ನು ಸೋರಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ, ಪಂದಿ ಕರಿಗೆ ಚಮಚದ ಲೆಕ್ಕದಲ್ಲಿ ಹಾಕುವ ಹುಳಿ ಅದು. ಹಣ್ಣು ಬೇರೆ, ರುಚಿ ಬೇರೆ. ಆದರೆ ರಸವನ್ನು ಬತ್ತಿಸಿ ವರ್ಷಗಟ್ಟಲೆ ಕಾಪಾಡಿಕೊಳ್ಳುವ ಉಪಾಯ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಕುದಿಸಿದ ನಂತರ. ಕಾಚಂಪುಳಿ ಕುದಿಸಿ ಇಳಿಸಿದರೆ ಸಿದ್ಧ. ಮೊದೆನಾದ ರಸಕ್ಕೆ ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಹನ್ನೆರಡು ವರ್ಷದ ಕಾಯುವಿಕೆ

ಕಾಯಿಸಿದ ರಸವನ್ನು ಮರದ ಪೀಪಾಯಿಗಳಲ್ಲಿ ತುಂಬಿ ಮನೆಯ ಅಟ್ಟದ ಮೇಲಿಡುತ್ತಾರೆ. ವೈನ್‌ಗೆ ತಂಪಾದ ನೆಲಮಾಳಿಗೆ ಬೇಕು. ಇದಕ್ಕೆ ಬೇಸಗೆಯಲ್ಲಿ ಸೂರು ಕಾಯುವ, ಚಳಿಗಾಲದಲ್ಲಿ ನಡುಗಿಸುವ ಅಟ್ಟವೇ ಬೇಕು. ಬೇಸಗೆಯ ಶಾಖದಲ್ಲಿ ರಸ ಹುದುಗುತ್ತದೆ, ಹುಳಿಯಾಗುತ್ತದೆ, ಆವಿಯಾಗಿ ಇಂಗುತ್ತದೆ. ಚಳಿಯಲ್ಲಿ ಕದಡಿದ್ದು ತಳಕ್ಕಿಳಿದು ತಿಳಿಯಾಗುತ್ತದೆ. ಪೀಪಾಯಿಯ ಬಾಯಿಗೆ ಬಿರಡೆ ಇರುವುದಿಲ್ಲ. ಗಾಳಿ ಆಡಲೆಂದು ಬಟ್ಟೆ ಮುಚ್ಚಿರುತ್ತಾರೆ.

ಪೀಪಾಯಿಗಳು ಒಂಟಿಯಾಗಿರುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಂತೆ ಸಾಮಾನ್ಯವಾಗಿ ಐದರಿಂದ ಏಳು ಪೀಪಾಯಿಗಳ ಸಾಲು. ಈ ಸಾಲಿಗೆ ‘ಬತ್ತೆರಿಯಾ’ ಎಂದು ಹೆಸರು. ಓಕ್, ಚೆಸ್ಟ್‌ನಟ್, ಚೆರಿ, ಹಿಪ್ಪುನೇರಳೆ, ಜೂನಿಪರ್ ಹೀಗೆ ಒಂದೊಂದು ಪೀಪಾಯಿಗೆ ಒಂದೊಂದು ಮರ. ಪ್ರತಿ ಮರವೂ ತನ್ನ ಗಂಧವನ್ನು ಬಿಟ್ಟುಕೊಡುತ್ತದೆ. ವರ್ಷಕ್ಕೊಮ್ಮೆ ಅತಿ ಚಿಕ್ಕ ಪೀಪಾಯಿಯಿಂದ ಸ್ವಲ್ಪ ತೆಗೆಯುತ್ತಾರೆ. ಅದರ ಕೊರತೆಯನ್ನು ಪಕ್ಕದ ಪೀಪಾಯಿಯಿಂದ, ಅದರ ಕೊರತೆಯನ್ನು ಅದರಾಚೆಯದರಿಂದ ತುಂಬುತ್ತ ಹೋಗಿ, ಕೊನೆಗೆ ಅತಿ ದೊಡ್ಡ ಪೀಪಾಯಿಗೆ ಆ ವರ್ಷದ ಹೊಸ ರಸವನ್ನು ಸುರಿಯುತ್ತಾರೆ. ಯಾವ ಪೀಪಾಯಿಯೂ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಮೊಸರಿಗೆ ನಿನ್ನೆಯ ಹೆಪ್ಪು ಉಳಿಯುವಂತೆ, ಅಜ್ಜ ಸುರಿದ ರಸದ ಅಂಶ ಮೊಮ್ಮಗ ತೆಗೆಯುವ ಹನಿಯಲ್ಲೂ ಇರುತ್ತದೆ.

ಹೀಗೆ ಕನಿಷ್ಠ 12 ವರ್ಷ ಕಳೆದ ಮೇಲಷ್ಟೇ ಅದನ್ನು ಸಾಂಪ್ರದಾಯಿಕ ಬಾಲ್ಸಾಮಿಕ್ ಎಂದು ಮಾರಬಹುದು. 25 ವರ್ಷ ದಾಟಿದ್ದಕ್ಕೆ ‘ಎಕ್ಸ್ಟ್ರಾವೆಕ್ಕಿಯೊ’, ಅಂದರೆ ಬಹು ಹಳೆಯದು ಎಂಬ ಬಿರುದು. ಮನೆಯಲ್ಲಿ ಹೆಣ್ಣುಮಗು ಹುಟ್ಟಿದಾಗ ಹೊಸ ಸಾಲು ಹೂಡಿ, ಮದುವೆಯ ಕಾಲಕ್ಕೆ ಬಳುವಳಿಯಾಗಿ ಕೊಡುವ ಪದ್ಧತಿಯಿತ್ತೆಂದು ಅಲ್ಲಿನವರು ಹೇಳುತ್ತಾರೆ. ನೂರಾರು ಕಿಲೋ ದ್ರಾಕ್ಷಿ ಕೊನೆಗೆ ಕೆಲವೇ ಲೀಟರಿಗೆ ಇಳಿಯುವುದರಿಂದ ಬೆಲೆ ಏರುವುದು ಸಹಜ. ಕೊಳ್ಳುವವರು ಹಣ ಕೊಡುವುದು ಒಂದು, ಇಂಗಿಹೋದ ರಸಕ್ಕೆ. ಎರಡು, ಕಳೆದುಹೋದ ವರ್ಷಗಳಿಗೆ. ಅಗ್ಗದ ಸೀಸೆಯಲ್ಲಿ ಯಾವುದು ಕಡಿಮೆಯಾಗಿರುತ್ತದೆ ಎಂಬುದಕ್ಕೂ ಇದೇ ಉತ್ತರ.

ಅರಮನೆಯಿಂದ ಅಮೆರಿಕದವರೆಗೆ

ಪೋಪನ ಅಧಿಕಾರಕ್ಕೆ ಫೆರಾರಾ ನಗರವನ್ನು ಬಿಟ್ಟುಕೊಟ್ಟ ಎಸ್ತೆ ರಾಜವಂಶ 1598ರಲ್ಲಿ ತನ್ನ ರಾಜಧಾನಿಯನ್ನು ಮೊದೆನಾಕ್ಕೆ ಬದಲಾಯಿಸಿತು. ಆ ಅರಮನೆಯ ಉಗ್ರಾಣದ 1747ರ ಲೆಕ್ಕದ ಪುಸ್ತಕದಲ್ಲಿ ವಿನೆಗರಿಗೆ ‘ಬಾಲ್ಸಾಮಿಕೊ’ ಎಂಬ ವಿಶೇಷಣ ಮೊದಲ ಬಾರಿಗೆ ಕಾಣುತ್ತದೆ. ಬಾಲ್ಸಾಮ್ ಎಂದರೆ ಗಾಯ ಮಾಯಿಸುವ ಸುಗಂಧಲೇಪ. ಆ ಕಾಲದಲ್ಲಿ ಇದನ್ನು ಊಟಕ್ಕಿಂತ ಮದ್ದಾಗಿ ಕಂಡವರೇ ಹೆಚ್ಚೆಂಬುದು ಹೆಸರಿನಿಂದಲೇ ತಿಳಿಯುತ್ತದೆ.

1859ರಲ್ಲಿ ಎಸ್ತೆ ದೊರೆತನ ಮುಗಿದು ಮೊದೆನಾ ಹೊಸ ಇಟಲಿಗೆ ಸೇರಿತು. ಅರಮನೆಯ ಉತ್ತಮ ಪೀಪಾಯಿಗಳನ್ನು ದೊರೆ ಎರಡನೆಯ ವಿಕ್ಟರ್ ಎಮ್ಯಾನುಯೆಲ್ ಪೀಡ್‌ಮಾಂಟ್ ಸೀಮೆಯ ತನ್ನ ಕೋಟೆಗೆ ಸಾಗಿಸಿದನೆಂದೂ, ವರ್ಷವರ್ಷವೂ ತುಂಬುವ ಕ್ರಮ ಅಲ್ಲಿಯವರಿಗೆ ಗೊತ್ತಿಲ್ಲದೆ ಅವು ಕೆಟ್ಟುಹೋದವೆಂದೂ ಹೇಳುತ್ತಾರೆ. ಪೀಪಾಯಿಗಳನ್ನು ಸಾಗಿಸಿದ ದೊರೆ ಅವನ್ನು ನೋಡಿಕೊಳ್ಳುವ ಕೈಗಳನ್ನು ಮೊದೆನಾದಲ್ಲೇ ಬಿಟ್ಟಿದ್ದ. 1862ರಲ್ಲಿ ಫ್ರಾಂಚೆಸ್ಕೊ ಅಗಾಜೊತ್ತಿ ಎಂಬಾತ ತಯಾರಿಕೆಯ ವಿಧಾನವನ್ನು ಮಿತ್ರನಿಗೆ ಪತ್ರದಲ್ಲಿ ಬರೆದ. ಇಂದಿನ ಸಾಂಪ್ರದಾಯಿಕ ಕ್ರಮಕ್ಕೆ ಆ ಪತ್ರವೇ ಆಧಾರ.

ಮನೆಮನೆಯ ಈ ವಸ್ತು ದೊಡ್ಡ ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾಯಿಸಿದ ರಸಕ್ಕೆ ವೈನ್ ವಿನೆಗರ್ ಬೆರೆಸಿ ಬೇಗ ತಯಾರಿಸುವ ಬಗೆ ಬೆಳೆಯಿತು. 1965ರಲ್ಲಿ ಇಟಲಿ ಸರ್ಕಾರ ಈ ಬಗೆಗೂ ನಿಯಮ ರೂಪಿಸಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಪಾತ್ರೆ-ಪದಾರ್ಥಗಳ ಅಂಗಡಿಗಳಲ್ಲಿ ಬಾಲ್ಸಾಮಿಕ್ ಕಾಣಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಅದಿಲ್ಲದ ಹೋಟೆಲೇ ಇಲ್ಲವೆಂಬಂತಾಯಿತು. ಬೇಡಿಕೆ ಏರಿದಂತೆ ಕಪ್ಪು ಬಣ್ಣದ, ಸಿಹಿ ಬೆರೆಸಿದ ಯಾವ ವಿನೆಗರಿಗೂ ಈ ಹೆಸರು ಅಂಟತೊಡಗಿತು. ಹಳೆಯ ಮನೆತನಗಳು ಇದಕ್ಕೆ ಮೊದಲೇ ಎಚ್ಚೆತ್ತಿದ್ದವು. ಮೊದೆನಾ ಬಳಿಯ ಸ್ಪಿಲಾಂಬೆರ್ತೊ ಎಂಬ ಊರಿನಲ್ಲಿ 1967ರಲ್ಲಿ ಇವರದೊಂದು ಸಂಘ ಹುಟ್ಟಿತು. ಅದು ಪ್ರತಿವರ್ಷ ಸಂತ ಜಾನ್ ಹಬ್ಬದ ಹೊತ್ತಿಗೆ ಮನೆಮನೆಯ ಬಾಲ್ಸಾಮಿಕ್‌ಗಳ ಸ್ಪರ್ಧೆ ನಡೆಸುತ್ತದೆ.

ಒಂದು ಹೆಸರು, ಮೂರು ಸರಕು

ಇಂದು ಬಾಲ್ಸಾಮಿಕ್ ಎಂಬ ಒಂದೇ ಪದದ ಅಡಿಯಲ್ಲಿ ಮೂರು ಬೇರೆ ಬೇರೆ ಸರಕುಗಳಿವೆ. ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಮೊದಲನೆಯದು ಸಾಂಪ್ರದಾಯಿಕ. ಇಟಾಲಿಯನ್ ಭಾಷೆಯಲ್ಲಿ ‘ಟ್ರಾಡಿಟ್ಸಿಯೊನಾಲೆ’. ಇದಕ್ಕೆ 1983ರಲ್ಲಿ ಇಟಲಿಯ ಮಾನ್ಯತೆ, 2000ದಲ್ಲಿ ಐರೋಪ್ಯ ಒಕ್ಕೂಟದ ‘ಡಿಒಪಿ’ ಮುದ್ರೆ ದೊರೆತವು. ಕೆಂಪು-ಹಳದಿ ಬಣ್ಣದ ಈ ದುಂಡು ಮುದ್ರೆಯಿದ್ದರೆ ದ್ರಾಕ್ಷಿ ಬೆಳೆದದ್ದು, ರಸ ಕಾಯಿಸಿದ್ದು, ಹಳೆಯದಾಗಿಸಿದ್ದು ಎಲ್ಲವೂ ಆಯಾ ಜಿಲ್ಲೆಯಲ್ಲೇ ಎಂದರ್ಥ. ರುಚಿ ನೋಡುವ ಪರಿಣತರ ಮಂಡಳಿ ಒಪ್ಪಿದ ಮೇಲಷ್ಟೇ ಇದು ಸೀಸೆ ಸೇರುತ್ತದೆ. ಸೀಸೆಯ ಆಕಾರವೂ ನಿಗದಿಯಾಗಿದೆ. ಮೊದೆನಾದ್ದು 100 ಮಿಲಿಲೀಟರಿನ ದುಂಡು ಸೀಸೆ. ಅದನ್ನು ವಿನ್ಯಾಸ ಮಾಡಿದ್ದು ಕಾರುಗಳ ವಿನ್ಯಾಸಕ್ಕೆ ಹೆಸರಾದ ಜೊರ್ಜೆತ್ತೊ ಜುಜಾರೊ. ನಮ್ಮ ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಮಾಟಿಜ್ ಕಾರು ಇವರ ಸಂಸ್ಥೆಯದೇ ವಿನ್ಯಾಸ. ರೆಜ್ಜೊ ಎಮಿಲಿಯಾದ್ದು ಬೋರಲು ಹಾಕಿದ ಟ್ಯೂಲಿಪ್ ಹೂವಿನಂಥ ಸೀಸೆ. ಗುಣಕ್ಕೆ ತಕ್ಕಂತೆ ಕಿತ್ತಳೆಗೆಂಪು, ಬೆಳ್ಳಿ ಅಥವಾ ಚಿನ್ನದ ಬಣ್ಣದ ಗುರುತು. ಬೆಲೆ ಹತ್ತಾರು ಯೂರೊದಿಂದ ಆರಂಭವಾಗಿ ನೂರನ್ನು ದಾಟುತ್ತದೆ.

ಎರಡನೆಯದು ‘ಮೊದೆನಾದ ಬಾಲ್ಸಾಮಿಕ್ ವಿನೆಗರ್’. ಇದಕ್ಕೆ 2009ರಲ್ಲಿ ‘ಐಜಿಪಿ’ ಎಂಬ ನೀಲಿ-ಹಳದಿ ಮುದ್ರೆ ಸಿಕ್ಕಿತು. ಇಂಗ್ಲಿಷ್ ಚೀಟಿಗಳಲ್ಲಿ ಇದನ್ನೇ ‘ಪಿಜಿಐ’ ಎಂದು ಬರೆದಿರುತ್ತಾರೆ. ಇದು ಬೆರಕೆಯ ಸರಕು, ಆದರೆ ಕಾನೂನು ಒಪ್ಪಿದ ಬೆರಕೆ. ಕಾಯಿಸಿದ ಅಥವಾ ಗಟ್ಟಿಗೊಳಿಸಿದ ದ್ರಾಕ್ಷಿರಸ ಕನಿಷ್ಠ ಶೇ 20, ವೈನ್ ವಿನೆಗರ್ ಕನಿಷ್ಠ ಶೇ 10 ಇರಬೇಕು. ಕನಿಷ್ಠ 10 ವರ್ಷ ಹಳೆಯ ವಿನೆಗರಿನ ಒಂದಂಶವೂ ಇರಬೇಕು. ಅದು ಎಷ್ಟಿರಬೇಕೆಂದು ನಿಯಮ ಹೇಳುವುದಿಲ್ಲ. ಬಣ್ಣ ಸ್ಥಿರವಾಗಿರಲು ಶೇ 2ರವರೆಗೆ ಕ್ಯಾರಮೆಲ್ ಸೇರಿಸಬಹುದು. ಮರದ ಪಾತ್ರೆಗಳಲ್ಲಿ ಕನಿಷ್ಠ 60 ದಿನ ಇಡಬೇಕು. ಮೂರು ವರ್ಷ ಇಟ್ಟರೆ ‘ಇನ್ವೆಕ್ಕಿಯಾತೊ’, ಅಂದರೆ ಹಳೆಯದಾಗಿಸಿದ್ದು ಎಂದು ಬರೆದುಕೊಳ್ಳಬಹುದು. ನಿಗದಿತ ತಳಿಗಳ ದ್ರಾಕ್ಷಿಯನ್ನೇ ಬಳಸಬೇಕಾದರೂ ಅದು ಆ ಎರಡು ಜಿಲ್ಲೆಗಳಲ್ಲೇ ಬೆಳೆದಿರಬೇಕೆಂಬ ಕಟ್ಟುಪಾಡಿಲ್ಲ. ಲೋಕವೆಲ್ಲ ಬಳಸುವ ಬಾಲ್ಸಾಮಿಕ್ ಇದೇ. ಸಾಂಪ್ರದಾಯಿಕದ ವಾರ್ಷಿಕ ಉತ್ಪನ್ನವನ್ನು ಸಾವಿರ ಲೀಟರುಗಳಲ್ಲಿ ಎಣಿಸಿದರೆ ಇದನ್ನು ಕೋಟಿ ಲೀಟರುಗಳಲ್ಲಿ ಎಣಿಸಬೇಕು. ಶೇ 90ರಷ್ಟು ಇಟಲಿಯ ಹೊರಗೇ ಹೋಗುತ್ತದೆ.

ಮೂರನೆಯದು ಯಾವ ಮುದ್ರೆಯೂ ಇಲ್ಲದ ಸರಕು. ಬರೀ ‘ಬಾಲ್ಸಾಮಿಕ್’, ‘ಬಾಲ್ಸಾಮಿಕ್ ಗ್ಲೇಜ್’, ‘ಬಿಳಿ ಬಾಲ್ಸಾಮಿಕ್’, ‘ಕಾಂಡಿಮೆಂತೊ’ ಇವೆಲ್ಲ ಈ ಗುಂಪಿನವು. ಜರ್ಮನಿಯ ಕಂಪೆನಿಯೊಂದು ತನ್ನ ವಿನೆಗರನ್ನು ‘ಜರ್ಮನ್ ಬಾಲ್ಸಾಮಿಕೊ’ ಎಂದು ಮಾರತೊಡಗಿದಾಗ ಮೊದೆನಾದ ತಯಾರಕರು ಆಕ್ಷೇಪಿಸಿದರು, ವಿವಾದ ನ್ಯಾಯಾಲಯಕ್ಕೆ ಹೋಯಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು: ರಕ್ಷಣೆ ಇರುವುದು ‘ಮೊದೆನಾದ ಬಾಲ್ಸಾಮಿಕ್ ವಿನೆಗರ್’ ಎಂಬ ಇಡೀ ಹೆಸರಿಗೆ, ಬಿಡಿಯಾಗಿ ‘ಬಾಲ್ಸಾಮಿಕೊ’ ಎಂಬ ಪದ ಯಾರ ಸ್ವತ್ತೂ ಅಲ್ಲ. ಹಾಗಾಗಿ ಆ ಒಂದು ಪದವನ್ನು ನಂಬಿ ಸೀಸೆ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಚೀಟಿಯ ಹಿಂಬದಿ

ಹೆಚ್ಚು ಹಣವಿಲ್ಲದವರ ಆಯ್ಕೆ ಬಹುತೇಕ ಎರಡನೆಯ ಗುಂಪಿನಲ್ಲೇ ನಡೆಯಬೇಕು. ಆ ಗುಂಪಿನಲ್ಲಿ ಒಳ್ಳೆಯದೂ ಇದೆ, ಬರೀ ಹುಳಿನೀರೂ ಇದೆ. ಎರಡರ ಮೇಲೂ ನೀಲಿ-ಹಳದಿ ಮುದ್ರೆ ಇರುತ್ತದೆ. ಶೇ 20 ರಸವಿರುವ ಸೀಸೆಗೂ ಶೇ 80 ರಸವಿರುವ ಸೀಸೆಗೂ ಕಾನೂನು ಕೊಡುವ ಹೆಸರು ಒಂದೇ. ವ್ಯತ್ಯಾಸವನ್ನು ಕೊಳ್ಳುವವರೇ ಕಂಡುಹಿಡಿಯಬೇಕು. ಅದಕ್ಕೆ ಸೀಸೆಯ ಮುಂಬದಿಗಿಂತ ಹಿಂಬದಿಯ ಚೀಟಿ ಹೆಚ್ಚು ಉಪಯುಕ್ತ.

ಮೊದಲು ಪದಾರ್ಥಗಳ ಪಟ್ಟಿ. ಯಾವುದು ಹೆಚ್ಚು ಪ್ರಮಾಣದಲ್ಲಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ‘ಗ್ರೇಪ್ ಮಸ್ಟ್’, ಅಂದರೆ ದ್ರಾಕ್ಷಿಯ ಹಸಿ ಅಥವಾ ಕಾಯಿಸಿದ ರಸ ಎಂಬುದು ಮೊದಲಿದ್ದರೆ ಸೀಸೆಯಲ್ಲಿರುವುದು ದಪ್ಪ, ಸಿಹಿ ಮುಂದಾದ ವಿನೆಗರ್. ‘ವೈನ್ ವಿನೆಗರ್’ ಮೊದಲಿದ್ದರೆ ತೆಳುವಾದ, ಹುಳಿ ಮುಂದಾದ ವಿನೆಗರ್. ಪಟ್ಟಿಯಲ್ಲಿ ಇವೆರಡೇ ಇದ್ದು ಕ್ಯಾರಮೆಲ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕ್ಯಾರಮೆಲ್ ವಿಷವೇನಲ್ಲ. ಆದರೆ ಸಾಕಷ್ಟು ರಸ ಸೇರಿಸಿದ ವಿನೆಗರಿಗೆ ಕಪ್ಪು ಬಣ್ಣ ತಾನಾಗಿಯೇ ಬರುವುದರಿಂದ ಅದರ ಅಗತ್ಯ ಕಡಿಮೆ.

ಎರಡನೆಯದು, ಹೆಚ್ಚಿನವರು ನೋಡದೆ ಬಿಡುವ ಪೋಷಕಾಂಶಗಳ ಕೋಷ್ಟಕ. ಅದರಲ್ಲಿ 100 ಮಿಲಿಲೀಟರಿಗೆ ಸಕ್ಕರೆ ಎಷ್ಟೆಂದು ನಮೂದಾಗಿರುತ್ತದೆ. ಐಜಿಪಿ ವಿನೆಗರಿಗೆ ಹೊರಗಿನ ಸಕ್ಕರೆ ಬೆರೆಸುವಂತಿಲ್ಲ. ಅಲ್ಲಿರುವ ಸಿಹಿ ಹೆಚ್ಚುಕಡಿಮೆ ಎಲ್ಲವೂ ದ್ರಾಕ್ಷಿರಸದಿಂದ ಬಂದದ್ದು. ಆದ್ದರಿಂದ ಸಕ್ಕರೆಯ ಅಂಕಿ ಎಂದರೆ ರಸದ ಅಂಕಿಯೇ. ತೆಳು ಸೀಸೆಗಳಲ್ಲಿ ಇದು 15-20 ಗ್ರಾಂ ಆಸುಪಾಸಿನಲ್ಲಿರುತ್ತದೆ. ದಪ್ಪನೆಯವುಗಳಲ್ಲಿ 50 ಗ್ರಾಂ ಮೀರುವುದೂ ಉಂಟು. ಒಂದೇ ಬೆಲೆಯ ಎರಡು ಸೀಸೆಗಳನ್ನು ಪಕ್ಕಪಕ್ಕ ಇಟ್ಟು ಈ ಅಂಕಿಯನ್ನು ಹೋಲಿಸಿದರೆ ಕೊಟ್ಟ ಹಣಕ್ಕೆ ಹೆಚ್ಚು ರಸ ಸಿಗುವುದು ಎಲ್ಲಿ ಎಂಬುದು ಸೀಸೆ ತೆರೆಯದೆಯೇ ತಿಳಿಯುತ್ತದೆ. ಮುದ್ರೆಯಿಲ್ಲದ ಸೀಸೆಗೆ ಈ ಲೆಕ್ಕ ಹೊಂದದು. ಅಲ್ಲಿ ಸಕ್ಕರೆಯನ್ನೇ ಸುರಿದಿರಬಹುದು. ಸಕ್ಕರೆ ಕಾಯಿಲೆಯವರು ಈ ಅಂಕಿಯನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು.

ಮೂರನೆಯದು ಸೀಸೆಯನ್ನು ವಾಲಿಸಿ ನೋಡುವುದು. ನೀರಿನಂತೆ ಥಟ್ಟನೆ ಜಾರಿದರೆ ರಸ ಕಡಿಮೆ. ಜೋನಿಬೆಲ್ಲದಂತೆ ಗಾಜಿಗೆ ಅಂಟಿ ನಿಧಾನವಾಗಿ ಇಳಿದರೆ ರಸ ಹೆಚ್ಚು. ಐಜಿಪಿ ನಿಯಮ ಕೇಳುವ ಕನಿಷ್ಠ ಸಾಂದ್ರತೆ 1.06, ಅಂದರೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಮೊದೆನಾದ ಸಾಂಪ್ರದಾಯಿಕಕ್ಕೆ ಕೇಳುವುದು 1.24. ಕೆಲವು ಮಾರಾಟಗಾರರು ಈ ಅಂಕಿಯನ್ನೂ ತಿಳಿಸುತ್ತಾರೆ; 1.2ರ ಮೇಲಿದ್ದರೆ ಗಟ್ಟಿ ಎಂದೇ ತಿಳಿಯಬಹುದು.

ವೇಷ ತೊಟ್ಟ ಸೀಸೆಗಳು

ಇಷ್ಟು ತಿಳಿದ ಮೇಲೂ ಎಡವುವ ಜಾಗ ಒಂದಿದೆ. ಅಗ್ಗದ ಸೀಸೆ ಕೊಂಡವರಿಗೆ ತಾವು ಕೊಂಡದ್ದು ಅಗ್ಗದ್ದೆಂದು ಗೊತ್ತಿರುತ್ತದೆ. ಅಸಲಿ ಸಾಂಪ್ರದಾಯಿಕ ಕೊಂಡವರಿಗೆ ಕಾನೂನಿನ ಕಾವಲಿದೆ. ಹಣ ಸೋರುವುದು ಹೆಚ್ಚಾಗಿ ನಡುವಿನ ಬೆಲೆಯ, ಅಂದರೆ ಸಾಧಾರಣ ಸರಕಿಗೆ ಹಳೆಯದರ ಉಡುಪು ತೊಡಿಸಿದ ಸೀಸೆಗಳಲ್ಲಿ.

ಅರಗಿನ ಮುದ್ರೆ, ಚರ್ಮಕಾಗದದಂಥ ಚೀಟಿ, ಮರದ ಪೆಟ್ಟಿಗೆ, ಪದಕಗಳ ಸಾಲು ಇವೆಲ್ಲ ಒಳಗಿರುವ ರಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೀಸೆಯ ಮೇಲೆ ದೊಡ್ಡದಾಗಿ 8, 12, 20 ಎಂಬ ಅಂಕಿಗಳಿದ್ದರೆ ನೋಡಿದವರು ವರ್ಷಗಳೆಂದು ಭಾವಿಸುವುದು ಸಹಜ. ಆದರೆ ಐಜಿಪಿ ವಿನೆಗರಿಗೆ ‘ಇನ್ವೆಕ್ಕಿಯಾತೊ’ ಎಂಬ ಒಂದು ಪದದ ಹೊರತು ವಯಸ್ಸನ್ನು ಸಾರುವ ಹಕ್ಕಿಲ್ಲ. ‘ಎಕ್ಸ್ಟ್ರಾ’, ‘ಸುಪೀರಿಯರ್’ ಮುಂತಾದ ಬಿರುದುಗಳೂ ನಿಷಿದ್ಧ. ಸಾಂಪ್ರದಾಯಿಕದವರೂ ವಯಸ್ಸನ್ನು ಅಂಕಿಯಲ್ಲಿ ಬರೆಯುವುದಿಲ್ಲ. ವರ್ಷವರ್ಷವೂ ಹೊಸದು ಬೆರೆಯುವ ಪೀಪಾಯಿಯಲ್ಲಿ ಪ್ರತಿ ಹನಿಯ ವಯಸ್ಸು ಇಷ್ಟೇ ಎಂದು ಹೇಳಲೂ ಬಾರದು. ಹಾಗಾಗಿ ಅಂಕಿ ದೊಡ್ಡದಾದಷ್ಟೂ ಅನುಮಾನ ಹೆಚ್ಚಲಿ.

‘ಗ್ಲೇಜ್’ ಅಥವಾ ‘ಕ್ರೇಮಾ’ ಎಂಬ ಹೆಸರಿನ, ಹಿಚುಕುವ ಪ್ಲಾಸ್ಟಿಕ್ ಸೀಸೆಯಲ್ಲಿ ಬರುವ ದಪ್ಪ ದ್ರವ ವಿನೆಗರ್ ಅಲ್ಲ. ಅದು ವಿನೆಗರಿಗೆ ಪಿಷ್ಟ ಅಥವಾ ಗೋಂದು, ಹಲವು ವೇಳೆ ಸಕ್ಕರೆಯನ್ನೂ ಸೇರಿಸಿ ಮಾಡಿದ ಸಾಸ್. ತಟ್ಟೆಯ ಅಂಚಿಗೆ ಚಿತ್ತಾರ ಬಿಡಿಸಲು ಸರಿ. ಅದರ ದಪ್ಪವನ್ನು ಹಳೆತನವೆಂದು ತಿಳಿಯಬಾರದು. ಬಿಳಿ ಬಾಲ್ಸಾಮಿಕ್ ಬಣ್ಣ ಕೆಡದಂತೆ ತಯಾರಿಸಿದ ಬೇರೆಯೇ ವಸ್ತು. ತಿಳಿಬಣ್ಣದ ಅಡುಗೆಗೆ ಒದಗುತ್ತದೆ, ಐಜಿಪಿ ಮುದ್ರೆಯ ವ್ಯಾಪ್ತಿಗೆ ಬರುವುದಿಲ್ಲ.

‘ಕಾಂಡಿಮೆಂತೊ’ದ ಕಥೆ ತುಸು ಬೇರೆ. ಸಾಂಪ್ರದಾಯಿಕ ತಯಾರಿಸುವ ಮನೆತನಗಳೇ 12 ವರ್ಷ ತುಂಬದ ಅಥವಾ ಮಂಡಳಿಯ ಮುಂದಿಡದ ರಸವನ್ನು ಈ ಹೆಸರಿನಲ್ಲಿ ಮಾರುವುದುಂಟು. ಅಂಥದು ಸಿಕ್ಕರೆ ಅದು ಅರ್ಧ ಬೆಲೆಗೆ ಮುಕ್ಕಾಲು ಸುಖ. ಆದರೆ ಈ ಪದಕ್ಕೆ ಕಾನೂನಿನ ಬೇಲಿ ಇಲ್ಲದ್ದರಿಂದ ಯಾರು ಬೇಕಾದರೂ ಬಳಸಬಹುದು. ಪದಾರ್ಥಗಳ ಪಟ್ಟಿಯಲ್ಲಿ ಕಾಯಿಸಿದ ದ್ರಾಕ್ಷಿರಸವೊಂದೇ ಇದ್ದು, ತಯಾರಕರ ಊರು ಮೊದೆನಾ ಇಲ್ಲವೆ ರೆಜ್ಜೊ ಎಮಿಲಿಯಾ ಸೀಮೆಯದಾಗಿದ್ದರೆ ಮಾತ್ರ ಯೋಚಿಸಬಹುದು.

ಯಾವುದಕ್ಕೆ ಯಾವುದು?

ಇನ್ನು ಲೆಕ್ಕಾಚಾರ. 100 ಮಿಲಿಲೀಟರಿನ ಸೀಸೆಯಲ್ಲಿ 5 ಮಿಲಿಲೀಟರಿನ ಇಪ್ಪತ್ತು ಚಮಚಗಳಿವೆ. ಸೀಸೆಗೆ 60 ಯೂರೊ ಎಂದಿಟ್ಟುಕೊಂಡರೆ ಚಮಚಕ್ಕೆ 3 ಯೂರೊ. ಅರ್ಧ ಲೀಟರಿಗೆ 5 ಯೂರೊ ಬೆಲೆಯ ಐಜಿಪಿಯಲ್ಲಿ ನೂರು ಚಮಚಗಳಿವೆ. ಚಮಚಕ್ಕೆ 5 ಸೆಂಟ್. ಒಂದು ಮತ್ತೊಂದರ ಅರವತ್ತು ಪಟ್ಟು. ದುಬಾರಿಯದನ್ನು ಕುದಿಯುವ ಬಾಣಲೆಗೆ ಸುರಿದರೆ ಅದರ ಗಂಧವೆಲ್ಲ ಆವಿಯಾಗಿ ಹೋಗಿ ಆ ಅರವತ್ತು ಪಟ್ಟೂ ಹೊಗೆಯಾಗುತ್ತದೆ. ಅಗ್ಗದ್ದನ್ನು ಹಸಿಯಾಗಿ ಐಸ್‌ಕ್ರೀಮಿನ ಮೇಲೆ ಹಾಕಿದರೆ ಹುಳಿ ಮೂಗಿಗೆ ಹೊಡೆಯುತ್ತದೆ. ತಪ್ಪು ಎರಡು ಕಡೆಯೂ ಸೀಸೆಯದಲ್ಲ, ಬಳಕೆಯದು.

ಮೊದೆನಾದ ಗೃಹಿಣಿಯರೂ ಒಂದೇ ಸೀಸೆಯಲ್ಲಿ ಎಲ್ಲವನ್ನೂ ಮಾಡುವುದಿಲ್ಲ. ಸಲಾಡ್‌ಗೆ, ಮಾಂಸ ನೆನೆಸುವುದಕ್ಕೆ, ಈರುಳ್ಳಿ ಬಾಡಿಸುವುದಕ್ಕೆ ಅವರು ಬಳಸುವುದು ತೆಳುವಾದ, ಹುಳಿಯಾದ ಸಾಧಾರಣ ಐಜಿಪಿಯನ್ನೇ. ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್ ಎಂಬುದು ಸಲಾಡ್‌ನ ಹಳೆಯ ಲೆಕ್ಕ. ಅಲ್ಲಿ ಎಣ್ಣೆಯ ಜಿಡ್ಡನ್ನು ಕತ್ತರಿಸಲು ಹುಳಿಯೇ ಬೇಕು. ದಪ್ಪ ಸಿಹಿ ವಿನೆಗರ್ ಹಾಕಿದರೆ ಸೊಪ್ಪು ಜೋತುಬೀಳುತ್ತದೆ. ಬೇಯಿಸಿದ ತರಕಾರಿ, ಪಾರ್ಮೆಸಾನ್ ಚೀಸಿನ ತುಂಡು, ಮೊಟ್ಟೆಯ ದೋಸೆ, ಸ್ಟ್ರಾಬೆರಿ, ವೆನಿಲಾ ಐಸ್‌ಕ್ರೀಮ್ ಇವುಗಳ ಮೇಲೆ ಕೊನೆಗೆ ತೊಟ್ಟಿಕ್ಕಿಸಲು ಮಾತ್ರ ದಪ್ಪನೆಯದು. ಅಲ್ಲಿ ನಾಲ್ಕು ಹನಿ ಸಾಕು.

ಆದ್ದರಿಂದ ಮಿತವ್ಯಯದ ದಾರಿ ಎರಡು ಸೀಸೆಗಳದ್ದು. ದಿನಬಳಕೆಗೆ ನೀಲಿ-ಹಳದಿ ಮುದ್ರೆಯ, ಹೆಚ್ಚು ಬೆಲೆಯಿಲ್ಲದ ದೊಡ್ಡ ಸೀಸೆ. ಜೊತೆಗೆ, ಕೈಗೆಟುಕಿದರೆ, ದ್ರಾಕ್ಷಿರಸ ಮೊದಲಿರುವ, ಸಕ್ಕರೆಯ ಅಂಕಿ ಹೆಚ್ಚಿರುವ 250 ಮಿಲಿಲೀಟರಿನ ಚಿಕ್ಕ ಸೀಸೆ. ಎರಡನೆಯದು ಹನಿಗಳ ಲೆಕ್ಕದಲ್ಲಿ ಖರ್ಚಾಗುವುದರಿಂದ ವರ್ಷದವರೆಗೂ ಬರುತ್ತದೆ. ಒಂದನ್ನೇ ಕೊಳ್ಳುವುದಾದರೆ ಮೊದಲನೆಯದೇ ಸಾಕು.

ಏಕೆಂದರೆ ಎರಡನೆಯದರ ಕೆಲಸವನ್ನು ಒಲೆಯೂ ಸ್ವಲ್ಪಮಟ್ಟಿಗೆ ಮಾಡಬಲ್ಲದು. ತೆಳು ವಿನೆಗರನ್ನು ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಕಿಟಕಿ ತೆರೆದಿಟ್ಟು, ಅರ್ಧದಷ್ಟಾಗುವವರೆಗೆ ಬತ್ತಿಸಬೇಕು. ಹುಳಿಯ ಆವಿ ಕಣ್ಣಿಗೂ ಮೂಗಿಗೂ ಖಾರವಾಗುವುದರಿಂದ ಪಾತ್ರೆಯ ಮೇಲೆ ಬಗ್ಗಬಾರದು. ಚಮಚದ ಬೆನ್ನಿಗೆ ಅಂಟುವ ಹದಕ್ಕೆ ಬಂದೊಡನೆ ಇಳಿಸಬೇಕು. ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ತೀರಾ ಹುಳಿಯೆನಿಸಿದರೆ ಚೂರು ಬೆಲ್ಲ ಸೇರಿಸಬಹುದು. ಇದು ಮರದ ಗಂಧವನ್ನೂ ವರ್ಷಗಳ ಆಳವನ್ನೂ ಕೊಡದು. ಆದರೆ ಅಂಗಡಿಯ ಗ್ಲೇಜ್‌ಗಿಂತ ಶುದ್ಧ, ಅಗ್ಗ.

ಒಮ್ಮೆ ಕೊಂಡ ವಿನೆಗರ್ ಕೆಡುತ್ತದೆಂಬ ಚಿಂತೆ ಬೇಡ. ಬಿಸಿಲು ಬೀಳದ ಕಪಾಟಿನಲ್ಲಿ ಮುಚ್ಚಳ ಬಿಗಿದಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ, ಫ್ರಿಜ್ ಬೇಕಿಲ್ಲ. ತಳದಲ್ಲಿ ಗಸಿ ಕಂಡರೆ ಅದು ದೋಷವಲ್ಲ. ಹಾಗೆಯೇ, ಸೀಸೆಯಲ್ಲಿ ಇಟ್ಟಷ್ಟೂ ಅದು ಉತ್ತಮವಾಗುತ್ತದೆಂಬ ಆಸೆಯೂ ಬೇಡ. ಹಳೆಯದಾಗುವುದು ಮರದಲ್ಲಿ, ಗಾಳಿಯಲ್ಲಿ. ಗಾಜಿನೊಳಗೆ ಸೇರಿದ ಮೇಲೆ ಅದರ ವಯಸ್ಸು ಅಲ್ಲಿಗೇ ನಿಲ್ಲುತ್ತದೆ.

2012ರ ಮೇ ತಿಂಗಳಲ್ಲಿ ಎಮಿಲಿಯಾ ಸೀಮೆಯಲ್ಲಿ ಎರಡು ದೊಡ್ಡ ಭೂಕಂಪಗಳಾದವು. ಹತ್ತಾರು ಸಾವಿನ ಜೊತೆಗೆ ಚರ್ಚುಗಳು, ಕಾರ್ಖಾನೆಗಳು ಉರುಳಿದವು; ಅಟ್ಟಗಳ ಪೀಪಾಯಿಗಳಿಗೂ ಪೆಟ್ಟು ಬಿತ್ತು. ಕಾರ್ಖಾನೆಯ ಗೋಡೆಯನ್ನು ವರ್ಷದಲ್ಲಿ ಮತ್ತೆ ಎತ್ತಬಹುದು. ಚೆಲ್ಲಿಹೋದ 25 ವರ್ಷದ ರಸವನ್ನು ಮತ್ತೆ ಪಡೆಯಬೇಕಾದರೆ 25 ವರ್ಷವೇ ಬೇಕು. ಎಕ್ಸ್ಟ್ರಾವೆಕ್ಕಿಯೊದ ಬೆಲೆ ಏಕೆ ಅಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಆ ಬೆಲೆ ಕೊಡಲಾಗದವರು ನಾಚಬೇಕಾದದ್ದೂ ಇಲ್ಲ. ಎರಡು ತಿಂಗಳದ್ದೋ ಮೂರು ವರ್ಷದ್ದೋ ವಿನೆಗರನ್ನು ಅದೆಂದೇ ತಿಳಿದು, ಅದರ ಬೆಲೆಗೆ ಕೊಂಡರೆ ಅದೂ ಒಳ್ಳೆಯ ವ್ಯಾಪಾರವೇ. ಎಂಟು-ಹತ್ತು ವಾರದ ಸರಕಿಗೆ 12 ವರ್ಷದ ಬೆಲೆ ತೆರದಂತೆ ನೋಡಿಕೊಂಡರೆ ಸಾಕು.